ಬೇರೆ ಬೇರೆ ಧರ್ಮದ ನಾವು ಮಂತ್ರಮಾಂಗಲ್ಯದ ಮೂಲಕ ಮದುವೆಯಾದರೆ, ಕಾನೂನಿನ ಪ್ರಕಾರ ಗಂಡ ಹೆಂಡತಿಯಾಗುವುದು ಯಾವ ದಿನ?

ಭದ್ರಾನಾಲೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಲಿಂಗಾಯತ ಕುಟುಂಬದವಳು. ನಾನು ಮದುವೆಯಾಗಲಿರುವವರು ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕ್ ಕುಟುಂಬದವರು. ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಯಾರೂ ಮತಾಂತರವಾಗುವುದು ಬೇಡ ಎಂದು ಮೊದಲೇ ತೀರ್ಮಾನಿಸಿದ್ದೇವೆ. ಅವರ ಮನೆಯವರು ಒಪ್ಪಿದ್ದಾರೆ, ನಮ್ಮಮ್ಮನೂ ಒಪ್ಪಿದ್ದಾರೆ, ಅಪ್ಪ ಮಾತ್ರ ಇನ್ನೂ ಮೌನವಾಗಿದ್ದಾರೆ.

ಮಾಘ ಮಾಸದಲ್ಲಿ ದಾವಣಗೆರೆಯ ಒಂದು ಸಮುದಾಯ ಭವನದಲ್ಲಿ ಸರಳವಾಗಿ ಮಂತ್ರಮಾಂಗಲ್ಯ (ಪುರೋಹಿತರಿಲ್ಲದೆ ಪ್ರತಿಜ್ಞಾವಚನ ಓದಿ ಆಗುವ ಮದುವೆ) ಮಾಡಿಕೊಂಡು ಆಮೇಲೆ ನೋಂದಣಿ ಮಾಡಿಸಬೇಕೆಂಬುದು ನಮ್ಮ ಆಲೋಚನೆ. ಆದರೆ ವಿಚಾರಿಸಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ. ಮದುವೆಯ ನಂತರ ನೋಂದಣಿ ಮಾಡಿಸಿದರೆ ಸಾಕು ಎಂದು ಒಬ್ಬರು ಹೇಳಿದರೆ, ಒಂದು ತಿಂಗಳು ಮೊದಲೇ ನೋಟಿಸ್ ಕೊಡದಿದ್ದರೆ ಮದುವೆಯೇ ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಕಚೇರಿಯ ಹೊರಗೆ ಕುಳಿತಿದ್ದ ಮಧ್ಯವರ್ತಿಯೊಬ್ಬರು ಒಂದೇ ದಿನದಲ್ಲಿ ಪ್ರಮಾಣಪತ್ರ ಕೊಡಿಸುವುದಾಗಿ ಹೇಳಿದರು. ನಮಗೆ ಅನ್ವಯಿಸುವ ಕಾನೂನು ಯಾವುದು, ಯಾವುದರ ನಂತರ ಯಾವುದನ್ನು ಮಾಡಬೇಕು, ಈ ಮದುವೆಯಿಂದ ಊರಿನ ಜಮೀನಿನಲ್ಲಿ ನನಗಿರುವ ಪಾಲಿಗೆ ತೊಂದರೆಯಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಕೃಷ್ಣಾತೀರ

ಇಷ್ಟು ಚಿಂತೆ ಯಾಕೆ ಮಾಡುತ್ತೀರಿ? ಯಾವುದಾದರೂ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ನಾಲ್ಕು ಫೋಟೊ ಮತ್ತು ಲಗ್ನಪತ್ರಿಕೆ ಹಿಡಿದು ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿ. ನನ್ನ ಗೆಳೆಯನೊಬ್ಬ ಹೀಗೆಯೇ ಮಾಡಿದ್ದಾನೆ, ಅವನ ಹೆಂಡತಿಯೂ ಕ್ರೈಸ್ತಳು. ಏನೂ ಆಗಿಲ್ಲ.

ಹುಬ್ಬಳ್ಳಿ_ವಕೀಲೆ

ಕೃಷ್ಣಾತೀರ ಅವರೇ, ಈ ಸಲಹೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯ 5ನೇ ಸೆಕ್ಷನ್ ಇಬ್ಬರು ಹಿಂದೂಗಳ ನಡುವಿನ ಮದುವೆಯನ್ನು ಮಾತ್ರ ಕುರಿತದ್ದು. ಆ ಕಾಯ್ದೆಯ ಮಟ್ಟಿಗೆ ಬೌದ್ಧರು, ಜೈನರು, ಸಿಖ್ಖರು ಹಿಂದೂಗಳ ಜೊತೆಗೇ ಬರುತ್ತಾರೆ. ವೀರಶೈವ ಮತ್ತು ಲಿಂಗಾಯತ ಎಂಬ ಎರಡೂ ಹೆಸರುಗಳು 2ನೇ ಸೆಕ್ಷನ್‌ನಲ್ಲಿ ನೇರವಾಗಿಯೇ ಇವೆ. ಕ್ರೈಸ್ತರು ಅದರೊಳಗೆ ಬರುವುದಿಲ್ಲ.

ಆಂಧ್ರಪ್ರದೇಶದಲ್ಲಿ ಕ್ರೈಸ್ತ ಪುರುಷ ಮತ್ತು ಹಿಂದೂ ಮಹಿಳೆ 1996ರಲ್ಲಿ ದೇವಸ್ಥಾನದಲ್ಲಿ ತಾಳಿ ಕಟ್ಟಿ ಮದುವೆಯಾಗಿ, ಇದೇ ಕಾಯ್ದೆಯ 8ನೇ ಸೆಕ್ಷನ್‌ನಡಿ ನೋಂದಣಿಯನ್ನೂ ಮಾಡಿಸಿದ್ದರು. ಮುಂದೆ ವಿವಾದ ಹುಟ್ಟಿ ಸುಪ್ರೀಂ ಕೋರ್ಟ್ ತನಕ ಹೋಯಿತು. 2008ರಲ್ಲಿ ನ್ಯಾಯಾಲಯವು ಅದು ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ ಎಂಬ ತೀರ್ಪನ್ನು ಎತ್ತಿಹಿಡಿಯಿತು. ಕೈಯಲ್ಲಿ ಸರ್ಕಾರಿ ಪ್ರಮಾಣಪತ್ರವಿತ್ತು, ಆದರೂ ಅದು ಉಪಯೋಗಕ್ಕೆ ಬರಲಿಲ್ಲ. ಭದ್ರಾನಾಲೆ ಅವರ ಪರಿಸ್ಥಿತಿ ಹೆಚ್ಚುಕಡಿಮೆ ಅದೇ.

ಕೃಷ್ಣಾತೀರ

ತೀರ್ಪು ಇರಬಹುದು, ಆದರೆ ಜಗಳ ಬಂದರೆ ತಾನೇ ಕೋರ್ಟಿಗೆ ಹೋಗುವುದು? ಚೆನ್ನಾಗಿ ಬಾಳುವವರಿಗೆ ಇದು ಯಾವುದೂ ಬೇಕಾಗುವುದಿಲ್ಲ.

ಹುಬ್ಬಳ್ಳಿ_ವಕೀಲೆ

ಗಂಡ ಹೆಂಡತಿಯ ನಡುವೆ ಜಗಳವೇ ಬರಬೇಕೆಂದಿಲ್ಲ. ಒಬ್ಬರು ಅಪಘಾತದಲ್ಲಿ ತೀರಿಕೊಂಡು, ಪಿಂಚಣಿಗೋ ವಿಮೆಗೋ ಮನೆಗೋ ಸಂಬಂಧಿಕರು ತಕರಾರು ತೆಗೆದರೆ ಸಾಕು, ಮದುವೆ ಸಿಂಧುವೋ ಅಲ್ಲವೋ ಎಂಬ ಪ್ರಶ್ನೆ ಆ ದಿನವೇ ಎದ್ದು ನಿಲ್ಲುತ್ತದೆ. ನಿಮ್ಮ ಗೆಳೆಯನಿಗೂ ಹೇಳಿ, ಅವರಿಗೆ ಈಗಲೂ ಸರಿಪಡಿಸಿಕೊಳ್ಳಲು ದಾರಿ ಇದೆ. 1954ರ ವಿಶೇಷ ವಿವಾಹ ಕಾಯ್ದೆಯ 15ನೇ ಸೆಕ್ಷನ್, ಬೇರೆ ರೀತಿಯಲ್ಲಿ ವಿಧಿ ನಡೆಸಿಕೊಂಡು ಅಂದಿನಿಂದ ಒಟ್ಟಿಗೆ ಬಾಳುತ್ತಿರುವ ದಂಪತಿಗೆ ಆ ಕಾಯ್ದೆಯಡಿ ನೋಂದಣಿಗೆ ಅವಕಾಶ ಕೊಡುತ್ತದೆ. ಅದಕ್ಕೂ 30 ದಿನಗಳ ಪ್ರಕಟಣೆ ಇದೆ.

ಕೃಷ್ಣಾತೀರ

ಇದನ್ನು ಅವನಿಗೆ ಖಂಡಿತ ತಿಳಿಸುತ್ತೇನೆ.

ನಿವೃತ್ತ_ಗುಮಾಸ್ತ

ನಾನು ನೋಂದಣಿ ಇಲಾಖೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತನಾದವನು. ಭದ್ರಾನಾಲೆ ಅವರ ಪ್ರಶ್ನೆಗೆ ಮೊದಲು ನೇರ ಉತ್ತರ ಕೊಡುತ್ತೇನೆ. ನಿಮಗೆ ಅನ್ವಯಿಸುವುದು ವಿಶೇಷ ವಿವಾಹ ಕಾಯ್ದೆ, ಮತ್ತು ನಿಮ್ಮ ವಿಷಯದಲ್ಲಿ ಕಚೇರಿಯ ಕೆಲಸ ಮದುವೆಗೆ ಮೊದಲೇ ಆರಂಭವಾಗುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ನಡೆಯುವುದು ಮಂಟಪದಲ್ಲಿ, ಕಚೇರಿ ಅದನ್ನು ದಾಖಲಿಸುತ್ತದೆ ಅಷ್ಟೇ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ನಡೆಯುವುದೇ ವಿವಾಹಾಧಿಕಾರಿಯ ಎದುರಿಗೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದ ಗೊಂದಲಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಇಬ್ಬರೂ ಸಹಿ ಮಾಡಿದ ನೋಟಿಸನ್ನು, ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮುಂಚಿನ 30 ದಿನ ಸತತವಾಗಿ ವಾಸವಿದ್ದ ವ್ಯಾಪ್ತಿಯ ವಿವಾಹಾಧಿಕಾರಿಗೆ ಕೊಡಬೇಕು. ನಮ್ಮ ರಾಜ್ಯದಲ್ಲಿ ಉಪನೋಂದಣಾಧಿಕಾರಿಗಳೇ ವಿವಾಹಾಧಿಕಾರಿಗಳೂ ಆಗಿರುತ್ತಾರೆ. ಅವರು ಅದನ್ನು ವಿವಾಹ ನೋಟಿಸ್ ಪುಸ್ತಕದಲ್ಲಿ ದಾಖಲಿಸಿ, ಕಚೇರಿಯ ಫಲಕದಲ್ಲಿ ಹಚ್ಚುತ್ತಾರೆ. ವರನ ಕಾಯಂ ವಿಳಾಸ ಉಡುಪಿಯದಾದರೆ ಅಲ್ಲಿಯ ಅಧಿಕಾರಿಗೂ ಒಂದು ಪ್ರತಿ ಹೋಗುತ್ತದೆ, ನಿಮ್ಮ ಕಾಯಂ ವಿಳಾಸ ದಾವಣಗೆರೆಯದಾದರೆ ಅಲ್ಲಿಗೂ ಹೋಗುತ್ತದೆ. ಪ್ರಕಟಣೆಯಾಗಿ 30 ದಿನ ಕಳೆದ ಮೇಲೆ, ಆಕ್ಷೇಪಣೆ ಇಲ್ಲದಿದ್ದರೆ, ನೀವಿಬ್ಬರೂ ಮೂವರು ಸಾಕ್ಷಿದಾರರೊಂದಿಗೆ ಘೋಷಣೆಗೆ ಸಹಿ ಮಾಡಿ, ಅಧಿಕಾರಿಯ ಎದುರು ಪರಸ್ಪರರನ್ನು ಪತಿಯಾಗಿ, ಪತ್ನಿಯಾಗಿ ಸ್ವೀಕರಿಸಿರುವುದಾಗಿ ಬಾಯಿಬಿಟ್ಟು ಹೇಳಬೇಕು. ಕನ್ನಡದಲ್ಲಿಯೇ ಹೇಳಬಹುದು, ಇಬ್ಬರಿಗೂ ಅರ್ಥವಾಗುವ ಭಾಷೆಯಾದರೆ ಸಾಕು. ಆ ಮಾತನ್ನು ಆಡುವವರೆಗೆ ಮದುವೆ ಪೂರ್ಣವಾಗುವುದಿಲ್ಲ.

ಇನ್ನೊಂದು ಗಡುವನ್ನು ಬಹಳ ಜನ ಗಮನಿಸುವುದೇ ಇಲ್ಲ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಆ ನೋಟಿಸ್ ರದ್ದಾಗಿ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆದ್ದರಿಂದ ತೀರಾ ಮುಂಚಿತವಾಗಿಯೂ ಕೊಡಬೇಡಿ.

ಭದ್ರಾನಾಲೆ

ಬಹಳ ಸ್ಪಷ್ಟವಾಗಿ ಹೇಳಿದ್ದೀರಿ, ಧನ್ಯವಾದಗಳು. ಇದರಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ನಾವಿಬ್ಬರೂ ವಾಸವಿರುವುದು ಬೆಂಗಳೂರಿನಲ್ಲಿ, ಸಮಾರಂಭ ದಾವಣಗೆರೆಯಲ್ಲಿ. ಅಧಿಕಾರಿ ಸಮುದಾಯ ಭವನಕ್ಕೇ ಬರಬಹುದೆಂದು ಎಲ್ಲೋ ಓದಿದ ನೆನಪು. ಅದು ನಿಜವೇ? ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದೆಂದೂ ಕೇಳಿದ್ದೇನೆ.

ನಿವೃತ್ತ_ಗುಮಾಸ್ತ

ನಿಜ. 12ನೇ ಸೆಕ್ಷನ್ ಪ್ರಕಾರ ಮದುವೆಯನ್ನು ಅಧಿಕಾರಿಯ ಕಚೇರಿಯಲ್ಲಿ, ಅಥವಾ ಅಲ್ಲಿಂದ ಯುಕ್ತವಾದ ದೂರದೊಳಗೆ ನೀವು ಬಯಸುವ ಬೇರೆ ಸ್ಥಳದಲ್ಲಿ, ಹೆಚ್ಚುವರಿ ಶುಲ್ಕ ಕಟ್ಟಿ ನಡೆಸಿಕೊಳ್ಳಬಹುದು. ಆದರೆ ಬೆಂಗಳೂರಿನ ಅಧಿಕಾರಿ ದಾವಣಗೆರೆಗೆ ಬರಲಾರರು. ಭವನದಲ್ಲಿಯೇ ಆಗಬೇಕೆಂದರೆ ನಿಮ್ಮಲ್ಲಿ ಒಬ್ಬರು ಒಂದು ತಿಂಗಳು ದಾವಣಗೆರೆಯಲ್ಲಿ ವಾಸವಿದ್ದು ಅಲ್ಲಿಯೇ ನೋಟಿಸ್ ಕೊಡಬೇಕು. ಮನೆಯಿಂದಲೇ ಕೆಲಸ ಮಾಡುವ ಅವಕಾಶವಿದ್ದರೆ ಆಲೋಚಿಸಿ.

ಕಾವೇರಿ 2.0ರಲ್ಲಿ ಆಧಾರ್ ದೃಢೀಕರಣದೊಂದಿಗೆ ಕಚೇರಿಗೆ ಹೋಗದೆಯೇ ನೋಂದಣಿ ಮಾಡಿಸುವ ಸೌಲಭ್ಯ 2024ರಲ್ಲಿ ಬಂದದ್ದು ಹಿಂದೂ ವಿವಾಹ ಕಾಯ್ದೆಯಡಿಯ ಮದುವೆಗಳಿಗೆ. ನಿಮ್ಮ ಮದುವೆಯಲ್ಲಿ ಅಧಿಕಾರಿಯ ಎದುರು ಹಾಜರಾಗುವುದೇ ಮುಖ್ಯ ಕ್ರಿಯೆಯಾದ್ದರಿಂದ ಕಚೇರಿಯ ಭೇಟಿ ತಪ್ಪುವುದಿಲ್ಲ.

ಮಲೆನಾಡಿಗ

ನಾವು ಮಂತ್ರಮಾಂಗಲ್ಯದಲ್ಲಿಯೇ ಮದುವೆಯಾದವರು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮದು ಅಂತರ್ಜಾತಿ ವಿವಾಹ, ಇಬ್ಬರೂ ಹಿಂದೂಗಳು. ಆಗಲೂ ನಾವು ಹಿಂದೂ ವಿವಾಹ ಕಾಯ್ದೆಯ ಬದಲು ವಿಶೇಷ ವಿವಾಹ ಕಾಯ್ದೆಯನ್ನೇ ಆರಿಸಿಕೊಂಡೆವು. ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ವಧು ಅಥವಾ ವರನ ಕಡೆಯ ರೂಢಿಗತ ವಿಧಿಗಳನ್ನು ಕೇಳುತ್ತದೆ. ತಮಿಳುನಾಡಿನಲ್ಲಿ 1967ರ ತಿದ್ದುಪಡಿಯ ಮೂಲಕ 7ಎ ಎಂಬ ಸೆಕ್ಷನ್ ಸೇರಿಸಿ, ಪುರೋಹಿತರಿಲ್ಲದೆ ಹಾರ ಬದಲಾಯಿಸಿಕೊಂಡು ನಡೆಯುವ ಸ್ವಾಭಿಮಾನ ಮದುವೆಗಳಿಗೆ ಮಾನ್ಯತೆ ಕೊಟ್ಟಿದ್ದಾರೆ. ಕುವೆಂಪು ಅವರು ರೂಪಿಸಿಕೊಟ್ಟ ಮಂತ್ರಮಾಂಗಲ್ಯ ನಮ್ಮ ನಾಡಿನಲ್ಲಿ ಇಷ್ಟು ಗೌರವ ಪಡೆದಿದ್ದರೂ, ಅದಕ್ಕೆ ಅಂತಹ ತಿದ್ದುಪಡಿಯ ಆಸರೆ ಇಲ್ಲ. ಈ ಕೊರತೆಯನ್ನು ನಮ್ಮ ಶಾಸನಸಭೆ ತುಂಬಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ನಾವು ಬೆಳಿಗ್ಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಮಾಡಿ, ಅಲ್ಲಿಂದ ನೇರವಾಗಿ ಸಭಾಂಗಣಕ್ಕೆ ಹೋಗಿ ಪ್ರತಿಜ್ಞಾವಚನ ಓದಿದೆವು. ಎರಡೂ ಒಂದೇ ದಿನವಾದ್ದರಿಂದ ಹಿರಿಯರಿಗೆ ಬೇಸರವಾಗಲಿಲ್ಲ. ಊಟಕ್ಕೆ ಬಂದವರಲ್ಲಿ ಹಲವರು ಪ್ರತಿಜ್ಞೆಯ ಪ್ರತಿಯನ್ನು ಕೇಳಿ ಪಡೆದುಕೊಂಡು ಹೋದರು, ಆ ಸಂತೋಷ ಇಂದಿಗೂ ಇದೆ.

ಹಳ್ಳಿಮೇಷ್ಟ್ರು

ಸಪ್ತಪದಿ ತುಳಿಯದಿದ್ದರೆ ಹಿಂದೂ ಮದುವೆ ಸಿಂಧುವಲ್ಲ ಎಂದು ಕೇಳಿದ್ದೇನೆ. ಹಾಗಾದರೆ ಸಪ್ತಪದಿಯೇ ಇಲ್ಲದ ಸಮುದಾಯಗಳ ಗತಿ ಏನು? ನಮ್ಮ ಕಡೆ ಧಾರೆ ಎರೆದರೆ ಮದುವೆ ಮುಗಿಯಿತು.

ಹುಬ್ಬಳ್ಳಿ_ವಕೀಲೆ

ಕಾನೂನು ಹಾಗೆ ಹೇಳುವುದಿಲ್ಲ. ಆ ಕಡೆಯ ರೂಢಿಯಲ್ಲಿ ಸಪ್ತಪದಿ ಇದ್ದರೆ ಮಾತ್ರ, ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ ಎಂದಿದೆ. ಧಾರೆಯೋ ಮಾಂಗಲ್ಯಧಾರಣೆಯೋ ನಿಮ್ಮ ಸಮುದಾಯದ ರೂಢಿಯಾಗಿದ್ದರೆ ಅದೇ ಸಾಕು. ಆದರೆ ಯಾವುದಾದರೊಂದು ವಿಧಿ ನಿಜವಾಗಿ ನಡೆದಿರಲೇಬೇಕು. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದನ್ನು ಬಹಳ ಖಚಿತವಾಗಿ ಹೇಳಿತು. ವಿಧಿಯೇ ನಡೆಯದೆ, ಸಂಸ್ಥೆಯೊಂದರಿಂದ ಪತ್ರ ಪಡೆದು, ಅದರ ಆಧಾರದ ಮೇಲೆ ನೋಂದಣಿ ಮಾಡಿಸಿಕೊಂಡಿದ್ದ ಇಬ್ಬರ ಮದುವೆಯನ್ನು ನ್ಯಾಯಾಲಯ ಮದುವೆಯೇ ಅಲ್ಲವೆಂದು ಘೋಷಿಸಿ, ಪ್ರಮಾಣಪತ್ರಗಳನ್ನೂ ರದ್ದುಗೊಳಿಸಿತು. ವೀಸಾಕ್ಕಾಗಿ ಮೊದಲು ನೋಂದಣಿ, ವರ್ಷದ ನಂತರ ಮದುವೆ ಎಂಬ ಪದ್ಧತಿ ಈಗ ಮನೆಮನೆಯಲ್ಲಿ ಕಾಣುತ್ತಿದೆ. ಅಂತಹವರು ಈ ತೀರ್ಪನ್ನು ತಪ್ಪದೆ ಓದಬೇಕು.

ದೂರದೇಶಿ

ನಾನು ಜರ್ಮನಿಯಲ್ಲಿದ್ದೇನೆ, ಮದುವೆಗೆ ರಜೆ ಸಿಗುವುದು ಮೂರು ವಾರ. ಮದುವೆಗೆ ಮೊದಲೇ ಪ್ರಮಾಣಪತ್ರ ಇದ್ದರೆ ಪತ್ನಿಯ ವೀಸಾ ಅರ್ಜಿ ಬೇಗ ಹಾಕಬಹುದು. ಹಾಗಾದರೆ ನಮ್ಮಂತಹವರು ಏನು ಮಾಡಬೇಕು?

ನಿವೃತ್ತ_ಗುಮಾಸ್ತ

ಇಬ್ಬರೂ ಹಿಂದೂಗಳಾಗಿದ್ದರೆ, ಹುಡುಗಿಯ ಮನೆಯಲ್ಲಿ ನಿಮ್ಮ ರೂಢಿಯ ಮುಖ್ಯ ವಿಧಿಯನ್ನು ಹಿರಿಯರ ಎದುರು ಚಿಕ್ಕದಾಗಿ, ಆದರೆ ನಿಜವಾಗಿ ನಡೆಸಿ, ಅದೇ ದಿನಾಂಕಕ್ಕೆ ನೋಂದಣಿ ಮಾಡಿಸಿ. ದೊಡ್ಡ ಸಮಾರಂಭವನ್ನು ಯಾವಾಗ ಬೇಕಾದರೂ ಇಟ್ಟುಕೊಳ್ಳಬಹುದು. ವಿಶೇಷ ವಿವಾಹ ಕಾಯ್ದೆ ಬೇಕೆಂದರೆ, ವಾಸದ ನಿಯಮ ಇಬ್ಬರಲ್ಲಿ ಒಬ್ಬರಿಗೆ ಅನ್ವಯಿಸಿದರೆ ಸಾಕಾದ್ದರಿಂದ ಹುಡುಗಿಯ ಊರಿನಲ್ಲಿಯೇ ನೋಟಿಸ್ ಕೊಡಬಹುದು. ಮದುವೆಯ ದಿನ ಮಾತ್ರ ನೀವು ಎದುರಿಗಿರಲೇಬೇಕು.

ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ (ವಿದೇಶದಲ್ಲಿ ಬಳಸುವ ದಾಖಲೆಗೆ ಸರ್ಕಾರ ಹಾಕುವ ದೃಢೀಕರಣ) ಬೇಕಾಗುತ್ತದೆಯೇ ಎಂದು ಈಗಲೇ ವಿಚಾರಿಸಿಕೊಳ್ಳಿ. ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂಬುದನ್ನು ಅದಕ್ಕೂ ಮೊದಲು ನೋಡಿ. ತಂದೆಯ ಹೆಸರು ಒಂದು ಕಡೆ ಇನಿಷಿಯಲ್ ಆಗಿಯೂ ಇನ್ನೊಂದು ಕಡೆ ಪೂರ್ಣವಾಗಿಯೂ ಇರುವುದು ನಮ್ಮಲ್ಲಿ ಸರ್ವೇಸಾಮಾನ್ಯ, ವಿದೇಶಿ ಕಚೇರಿಗಳಿಗೆ ಅದು ಅರ್ಥವಾಗುವುದಿಲ್ಲ.

ಕಡಲತಡಿ

ನಾನು ಮಂಗಳೂರಿನ ಕ್ಯಾಥೊಲಿಕ್ ಹೆಣ್ಣುಮಗಳು, ನನ್ನ ಪತಿ ಹಿಂದೂ. ಎಲ್ಲರೂ ವಿಶೇಷ ವಿವಾಹ ಕಾಯ್ದೆಯ ಬಗ್ಗೆಯೇ ಹೇಳುತ್ತಿದ್ದೀರಿ, ಆದರೆ ಇನ್ನೊಂದು ದಾರಿಯೂ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಆ ಕಾಯ್ದೆಯಡಿ ಮದುವೆ ನಡೆಯಬಹುದು, ಇನ್ನೊಬ್ಬರು ಮತಾಂತರವಾಗಬೇಕೆಂಬ ನಿಯಮ ಕಾನೂನಿನಲ್ಲಿಲ್ಲ. ನಮ್ಮ ಧರ್ಮಸಭೆಯಲ್ಲಿ ದೀಕ್ಷಾಸ್ನಾನ ಪಡೆಯದವರನ್ನು ಮದುವೆಯಾಗಲು ಬಿಷಪರಿಂದ ವಿನಾಯಿತಿ ಪಡೆಯಬೇಕು. ನಾವು ಹಾಗೆಯೇ ಮಾಡಿದೆವು. ಮದುವೆಗೆ ಮುಂಚೆ ನಮ್ಮಲ್ಲಿ ನಡೆಯುವ ರೋಸ್ ಶಾಸ್ತ್ರದಲ್ಲಿ ನನ್ನ ಅತ್ತೆಯೇ ಮುಂದೆ ನಿಂತು ತೆಂಗಿನ ಹಾಲು ಹಚ್ಚಿದರು.

ತುಂಗೆ

ಕಡಲತಡಿ ಅವರೇ, ಆ ವಿನಾಯಿತಿಗೆ ಕ್ಯಾಥೊಲಿಕ್ ಪಕ್ಷದವರು ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ತಮ್ಮಿಂದಾದಷ್ಟು ಪ್ರಯತ್ನಿಸುವುದಾಗಿ ವಚನ ಕೊಡಬೇಕಲ್ಲವೇ? ಯಾರೂ ಬದಲಾಗುವುದು ಬೇಡ ಎಂದು ತೀರ್ಮಾನಿಸಿದ ಜೋಡಿಗೆ, ಹುಟ್ಟದ ಮಕ್ಕಳ ಪರವಾಗಿ ಮೊದಲೇ ವಚನ ಕೊಡುವುದು ಸರಿಯಾದ ಆರಂಭವೆಂದು ನನಗೆ ತೋರುವುದಿಲ್ಲ.

ಕಡಲತಡಿ

ವಚನವಿದೆ ಎಂಬುದು ನಿಜ, ಅದನ್ನು ಹಿಂದೂ ಸಂಗಾತಿಗೂ ತಿಳಿಸಲಾಗುತ್ತದೆ. ಮುಚ್ಚಿಟ್ಟು ಮಾಡುವ ಕೆಲಸವಲ್ಲ ಅದು. ನಾವಿಬ್ಬರೂ ಕುಳಿತು ಮಾತಾಡಿ ಒಪ್ಪಿಕೊಂಡೆವು, ಒಪ್ಪದವರಿಗೆ ವಿಶೇಷ ವಿವಾಹ ಕಾಯ್ದೆಯೇ ಸರಿ. ಆದರೆ ಹುಡುಗನಿಗೆ ತನ್ನ ಧರ್ಮಸಭೆಯ ಆಶೀರ್ವಾದವೂ ಮುಖ್ಯವಾಗಿದ್ದರೆ, ಕಚೇರಿಯಲ್ಲಿ ಮಾತ್ರ ಆದ ಮದುವೆಯನ್ನು ಚರ್ಚ್ ತನ್ನ ನಿಯಮದ ಪ್ರಕಾರ ಸಿಂಧುವೆಂದು ಎಣಿಸುವುದಿಲ್ಲ ಎಂಬುದು ಅವರಿಬ್ಬರಿಗೂ ಗೊತ್ತಿರಲಿ. ಮೊದಲೇ ಪಾದ್ರಿಯವರ ಹತ್ತಿರ ಮಾತಾಡುವುದು ಒಳ್ಳೆಯದು.

ಭದ್ರಾನಾಲೆ

ಇದರ ಬಗ್ಗೆ ನಾವು ಮಾತಾಡಿಕೊಂಡಿದ್ದೇವೆ, ಅವರು ಊರಿಗೆ ಹೋದಾಗ ಪಾದ್ರಿಯವರನ್ನು ಭೇಟಿ ಮಾಡುತ್ತಾರೆ. ಕಾನೂನಿನ ಮಟ್ಟಿಗೆ ವಿಶೇಷ ವಿವಾಹ ಕಾಯ್ದೆಯೇ ಎಂದು ಇಬ್ಬರಿಗೂ ಅನ್ನಿಸಿದೆ. ನನ್ನ ಆತಂಕವಿರುವುದು ಆ ನೋಟಿಸಿನ ಬಗ್ಗೆ. ಅಪ್ಪ ಇನ್ನೂ ಒಪ್ಪಿಲ್ಲ, ಫಲಕದಲ್ಲಿ ನಮ್ಮ ಹೆಸರು, ವಿಳಾಸ ಒಂದು ತಿಂಗಳು ನೇತಾಡುತ್ತದೆ. ಚಿಕ್ಕಪ್ಪಂದಿರಲ್ಲಿ ಯಾರಾದರೂ ನೋಡಿ ಆಕ್ಷೇಪಣೆ ಹಾಕಿದರೆ?

ಹುಬ್ಬಳ್ಳಿ_ವಕೀಲೆ

ಆಕ್ಷೇಪಣೆಯನ್ನು ಯಾರು ಬೇಕಾದರೂ ಸಲ್ಲಿಸಬಹುದು, ಆದರೆ ಯಾವ ಕಾರಣಕ್ಕೆ ಬೇಕಾದರೂ ಅಲ್ಲ. 4ನೇ ಸೆಕ್ಷನ್‌ನ ಷರತ್ತುಗಳಲ್ಲಿ ಒಂದು ಮುರಿದಿದೆ ಎಂದು ಹೇಳಬೇಕು. ಅಂದರೆ ಜೀವಂತ ಪತಿ ಅಥವಾ ಪತ್ನಿ ಇದ್ದಾರೆ, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿಯಲ್ಲಿಲ್ಲ, ಹುಡುಗನಿಗೆ 21 ಅಥವಾ ಹುಡುಗಿಗೆ 18 ತುಂಬಿಲ್ಲ, ನಿಷಿದ್ಧ ಸಂಬಂಧದವರು ಎಂಬಂಥವು. ಧರ್ಮ ಬೇರೆ, ತಂದೆಗೆ ಇಷ್ಟವಿಲ್ಲ ಎಂಬುದು ಕಾನೂನಿನಲ್ಲಿ ಆಕ್ಷೇಪಣೆಯೇ ಅಲ್ಲ. ಬಂದ ಆಕ್ಷೇಪಣೆಯನ್ನು ಅಧಿಕಾರಿ 30 ದಿನಗಳೊಳಗೆ ವಿಚಾರಣೆ ನಡೆಸಿ ತೀರ್ಮಾನಿಸಬೇಕು, ಮದುವೆ ಮಾಡಿಸಲು ನಿರಾಕರಿಸಿದರೆ ನೀವು 30 ದಿನಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಸದುದ್ದೇಶವಿಲ್ಲದ ಆಕ್ಷೇಪಣೆಗೆ 1,000 ರೂಪಾಯಿಯವರೆಗೆ ವೆಚ್ಚ ಕಟ್ಟಿಸಬಹುದು.

ನೋಟಿಸನ್ನು ನಿಮ್ಮ ತಂದೆಯ ಮನೆಗೆ ಅಂಚೆಯಲ್ಲಿ ಕಳಿಸಬೇಕೆಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಹಾಗೆ ಕಳಿಸುವುದು ಸಲ್ಲದೆಂದು ದೆಹಲಿ ಹೈಕೋರ್ಟ್ 2009ರಲ್ಲಿಯೇ ಹೇಳಿದೆ.

ತುಂಗೆ

ಆ ಫಲಕವೇ ಅನ್ಯಾಯದ್ದು. ಒಂದೇ ಜಾತಿಯೊಳಗೆ ಮದುವೆಯಾಗುವವರ ಹೆಸರನ್ನು ಯಾರೂ ಗೋಡೆಗೆ ಹಚ್ಚುವುದಿಲ್ಲ, ಅವರು ಮದುವೆ ಮುಗಿಸಿ ಆರಾಮವಾಗಿ ಬಂದು ನೋಂದಣಿ ಮಾಡಿಸುತ್ತಾರೆ. ಅತಿ ಹೆಚ್ಚು ರಕ್ಷಣೆ ಬೇಕಾದ ಜೋಡಿಗಳ ವಿಳಾಸವನ್ನೇ ಸಾರ್ವಜನಿಕವಾಗಿ ತೆರೆದಿಡುವುದು ಯಾವ ನ್ಯಾಯ? ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ, ಜೋಡಿ ಬಯಸಿದರೆ ಮಾತ್ರ ಪ್ರಕಟಿಸಬೇಕು ಎಂದು ಹೇಳಿತು. ನಮ್ಮಲ್ಲಿಯೂ ಅದೇ ಆಗಬೇಕು.

ಹಳ್ಳಿಮೇಷ್ಟ್ರು

ನಾನು ಒಪ್ಪುವುದಿಲ್ಲ. ಊರಿನಲ್ಲಿ ಹೆಂಡತಿ ಮಕ್ಕಳಿದ್ದು, ನಗರಕ್ಕೆ ಬಂದು ಅವಿವಾಹಿತನೆಂದು ಹೇಳಿಕೊಂಡು ಎರಡನೇ ಮದುವೆಯಾದವರನ್ನು ನಾನು ಕಂಡಿದ್ದೇನೆ. ನಮ್ಮ ಶಾಲೆಯ ಒಬ್ಬ ಹೆಣ್ಣುಮಗಳ ಬದುಕು ಹಾಗೆ ಹಾಳಾಯಿತು. ಒಂದು ತಿಂಗಳ ಪ್ರಕಟಣೆ ಇದ್ದಿದ್ದರೆ ಆ ಮೋಸ ಹೊರಬರುತ್ತಿತ್ತು.

ತುಂಗೆ

ಮೇಷ್ಟ್ರೇ, ಆ ಎರಡನೇ ಮದುವೆ ನಡೆದದ್ದು ದೇವಸ್ಥಾನದಲ್ಲೋ ಛತ್ರದಲ್ಲೋ ಆಗಿರಬೇಕು. ಅಲ್ಲಿ ಯಾವ ಫಲಕವೂ ಇರಲಿಲ್ಲ, ಇರಬೇಕೆಂದು ಯಾರೂ ಕೇಳಲೂ ಇಲ್ಲ. ಮೋಸವನ್ನು ತಡೆಯುವುದೇ ಉದ್ದೇಶವಾದರೆ ನಿಯಮ ಎಲ್ಲ ಮದುವೆಗಳಿಗೂ ಇರಬೇಕಿತ್ತು. ಅಂತಹ ಮೋಸಗಾರನಿಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್‌ನಡಿ 7 ವರ್ಷದವರೆಗೆ, ಹಿಂದಿನ ಮದುವೆಯನ್ನು ಮುಚ್ಚಿಟ್ಟಿದ್ದರೆ 10 ವರ್ಷದವರೆಗೆ ಶಿಕ್ಷೆ ಇದೆ.

ಹಳ್ಳಿಮೇಷ್ಟ್ರು

ದೇವಸ್ಥಾನದಲ್ಲಿಯೇ ನಡೆದದ್ದು, ಅದನ್ನು ಒಪ್ಪುತ್ತೇನೆ. ಆದರೆ ಶಿಕ್ಷೆಯಾಗುವಷ್ಟರಲ್ಲಿ ಹೆಣ್ಣಿನ ಜೀವನದ ಹತ್ತು ವರ್ಷ ಕಳೆದಿರುತ್ತದೆ. ಎಲ್ಲ ಮದುವೆಗಳಿಗೂ ಮುಂಚಿತ ಪ್ರಕಟಣೆ ಬೇಕು ಎಂದರೆ ನಾನು ಕೈ ಎತ್ತಿ ಬೆಂಬಲಿಸುತ್ತೇನೆ.

ಹುಬ್ಬಳ್ಳಿ_ವಕೀಲೆ

ನೀತಿಯ ಚರ್ಚೆ ಮುಂದುವರಿಯಲಿ, ಆದರೆ ಭದ್ರಾನಾಲೆ ಅವರು ಈಗ ತಿಳಿದಿರಬೇಕಾದದ್ದು ಇಷ್ಟು. ಅಲಹಾಬಾದಿನ ಆ ತೀರ್ಪನ್ನು ನೆಚ್ಚಿಕೊಂಡು ಇಲ್ಲಿಯ ಕಚೇರಿ ಪ್ರಕಟಣೆಯನ್ನು ಕೈಬಿಡುತ್ತದೆ ಎಂದು ಭಾವಿಸಬೇಡಿ. ಯಾರಾದರೂ ಬೆದರಿಸಿದರೆ ಪೊಲೀಸರ ರಕ್ಷಣೆ ಕೇಳುವ ಹಕ್ಕು ನಿಮಗಿದೆ. ಪ್ರಾಪ್ತವಯಸ್ಕರು ತಮಗೆ ಬೇಕಾದವರನ್ನು ಮದುವೆಯಾಗುವುದು ಮೂಲಭೂತ ಹಕ್ಕೆಂದು ಕರ್ನಾಟಕ ಹೈಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿದೆ. 2021ರಲ್ಲಿ ಬೆಳಗಾವಿ ಜಿಲ್ಲೆಯ ಯುವತಿಯೊಬ್ಬರ ಪ್ರಕರಣದಲ್ಲಿ, ಆಕೆ ಸ್ವಇಚ್ಛೆಯಿಂದ ಮದುವೆಯಾಗಿರುವುದು ಗೊತ್ತಿದ್ದೂ ಠಾಣೆಗೆ ಬಂದು ಹೇಳಿಕೆ ಕೊಡುವಂತೆ ಒತ್ತಾಯಿಸಿದ್ದ ತನಿಖಾಧಿಕಾರಿಯನ್ನು ಸುಪ್ರೀಂ ಕೋರ್ಟ್ ಆಕ್ಷೇಪಿಸಿ, ಇಂತಹ ಸೂಕ್ಷ್ಮ ಪ್ರಕರಣಗಳನ್ನು ನಿಭಾಯಿಸಲು ಪೊಲೀಸರಿಗೆ ತರಬೇತಿ ಕೊಡಬೇಕೆಂದು ಸೂಚಿಸಿತು. ನಿಮ್ಮ ವಯಸ್ಸಿನ ದಾಖಲೆ ಮತ್ತು ನೋಟಿಸಿನ ಸ್ವೀಕೃತಿಯನ್ನು ಯಾವಾಗಲೂ ಜೊತೆಯಲ್ಲಿ ಇಟ್ಟುಕೊಳ್ಳಿ.

ಆದರೂ ನನ್ನ ಸಲಹೆ ಕೇಳುವುದಾದರೆ, ನೋಟಿಸ್ ಕೊಡುವ ಮೊದಲು ನೀವೇ ಅಪ್ಪನಿಗೆ ಹೇಳಿ. ಗೋಡೆಯ ಮೇಲಿನ ಕಾಗದದಿಂದ ತಿಳಿದಾಗ ಆಗುವ ನೋವು ಬೇರೆಯೇ ಆಗಿರುತ್ತದೆ.

ಕೊಪ್ಪಳ_ಕಾರ್ಯಕರ್ತೆ

ವಯಸ್ಸಿನ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಬಾಲ್ಯವಿವಾಹ ನಡೆದುಹೋದ ಮೇಲೆ ಏನೂ ಮಾಡಲಾಗುವುದಿಲ್ಲ ಎಂದು ನಮ್ಮ ಭಾಗದಲ್ಲಿ ಇಂದಿಗೂ ನಂಬಿದ್ದಾರೆ. ದೇಶದ ಬೇರೆಡೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಂತಹ ಮದುವೆಯನ್ನು ರದ್ದುಪಡಿಸಲು ಸಾಮಾನ್ಯವಾಗಿ ನ್ಯಾಯಾಲಯಕ್ಕೆ ಹೋಗಬೇಕು, ಆದರೆ ಕರ್ನಾಟಕವು ತಿದ್ದುಪಡಿ ಮಾಡಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಮಾಡಿದೆ. ಮದುವೆ ಮಾಡಿಸಿದ ಪುರೋಹಿತರು, ನಿಂತು ನಡೆಸಿದ ಹಿರಿಯರು ಎಲ್ಲರಿಗೂ 2 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಇಂತಹ ಮದುವೆ ಗೊತ್ತಾದರೆ ದಯವಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕರೆ ಮಾಡಿದವರ ಹೆಸರು ಹೊರಗೆ ಬರುವುದಿಲ್ಲ.

ಹಳ್ಳಿಮೇಷ್ಟ್ರು

ಬಹಳ ಅಗತ್ಯವಾದ ಮಾಹಿತಿ, ಶಾಲೆಯ ಫಲಕದಲ್ಲಿ ಬರೆಸುತ್ತೇನೆ. ಇದರ ಜೊತೆಗೆ ಇನ್ನೊಂದು ಅನುಮಾನ. ನಿಷಿದ್ಧ ಸಂಬಂಧ ಎಂದಿರಿ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ಮದುವೆಯಾಗುವುದು ತಲೆತಲಾಂತರದಿಂದ ಇದೆ. ಅವೆಲ್ಲ ಅಸಿಂಧುವೇ?

ಹುಬ್ಬಳ್ಳಿ_ವಕೀಲೆ

ಅಲ್ಲ. ಹಿಂದೂ ವಿವಾಹ ಕಾಯ್ದೆ ಅವುಗಳನ್ನು ನಿಷಿದ್ಧ ಪಟ್ಟಿಯಲ್ಲಿಟ್ಟರೂ, ಇಬ್ಬರ ರೂಢಿಯೂ ಅನುಮತಿಸಿದರೆ ವಿನಾಯಿತಿ ಕೊಟ್ಟಿದೆ. ದಕ್ಷಿಣದಲ್ಲಿ ಆ ರೂಢಿ ಸುಪರಿಚಿತ. ಆದರೆ ವಿಶೇಷ ವಿವಾಹ ಕಾಯ್ದೆಯಲ್ಲಿ ರೂಢಿಯ ವಿನಾಯಿತಿ ಸರ್ಕಾರದ ಅಧಿಸೂಚನೆಗೆ ಒಳಪಟ್ಟದ್ದು, ಆದ್ದರಿಂದ ಇಂತಹ ಸಂಬಂಧದವರು ಆ ದಾರಿ ಹಿಡಿಯುವ ಮೊದಲು ವಕೀಲರನ್ನು ಕಾಣುವುದು ಲೇಸು. ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದಿಲ್ಲ, ಅವರ ಮದುವೆ ಅವರ ರೂಢಿಯಂತೆಯೇ ನಡೆಯುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಭದ್ರಾನಾಲೆ

ಜಮೀನಿನ ಪ್ರಶ್ನೆ ಉಳಿದಿದೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಕುಟುಂಬದಿಂದ ಬೇರ್ಪಟ್ಟಂತೆ, ಪಾಲು ಸಿಗುವುದಿಲ್ಲ ಎಂದು ಒಬ್ಬ ಸಂಬಂಧಿಕರು ಅಮ್ಮನನ್ನು ಹೆದರಿಸಿದ್ದಾರೆ.

ಹುಬ್ಬಳ್ಳಿ_ವಕೀಲೆ

ಅವರು ಅರ್ಧ ಮಾತ್ರ ಹೇಳಿದ್ದಾರೆ. 19ನೇ ಸೆಕ್ಷನ್ ಪ್ರಕಾರ ಅವಿಭಕ್ತ ಕುಟುಂಬದ ಹಿಂದೂ ಸದಸ್ಯರು ಈ ಕಾಯ್ದೆಯಡಿ ಮದುವೆಯಾದರೆ ಆ ಕುಟುಂಬದಿಂದ ವಿಭಕ್ತರಾದಂತೆ ಎಂಬುದು ನಿಜ. ಆದರೆ ವಿಭಕ್ತರಾಗುವುದು ಎಂದರೆ ಪಾಲು ಕಳೆದುಕೊಳ್ಳುವುದಲ್ಲ, ಅಂದಿಗೆ ನಿಮಗೆ ಸೇರಬೇಕಾದ ಪಾಲು ನಿಮ್ಮದೇ ಆಗಿ ಪ್ರತ್ಯೇಕವಾಗುವುದು. ಅದರ ಮುಂದಿನ ಸೆಕ್ಷನ್ ಆಸ್ತಿಯ ಹಕ್ಕುಗಳನ್ನು ಸ್ಪಷ್ಟವಾಗಿಯೇ ಕಾಪಾಡುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಅಂತಿಮವಾಗಿ ಖಚಿತಪಡಿಸಿದೆ. ನೀವು ಮತಾಂತರವಾಗುತ್ತಿಲ್ಲ, ಹಿಂದೂವಾಗಿಯೇ ಉಳಿಯುತ್ತೀರಿ, ಆದ್ದರಿಂದ ತಂದೆಯ ಸ್ವಯಾರ್ಜಿತ ಆಸ್ತಿಗೂ, ಅವರು ಉಯಿಲು ಬರೆಯದಿದ್ದರೆ, ಮೊದಲ ದರ್ಜೆಯ ವಾರಸುದಾರಳೇ.

ನಿಜವಾಗಿ ಬದಲಾಗುವುದು ನಿಮ್ಮ ನಂತರದ ಉತ್ತರಾಧಿಕಾರ. 1976ರಲ್ಲಿ ಸೇರಿಸಿದ 21ಎ ಸೆಕ್ಷನ್ ಪ್ರಕಾರ ಇಬ್ಬರೂ ಹಿಂದೂಗಳಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾನೂನೇ ಮುಂದುವರಿಯುತ್ತದೆ, ಕುಟುಂಬದಿಂದ ಬೇರ್ಪಡುವ ಮಾತೂ ಬರುವುದಿಲ್ಲ. ಮಲೆನಾಡಿಗ ಅವರಿಗೆ ಅನ್ವಯಿಸುವುದು ಅದು. ನಿಮಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ಉಯಿಲು ಇಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಸಂಗಾತಿಗೆ ಮೂರನೇ ಒಂದು, ಮಕ್ಕಳಿಗೆ ಮೂರನೇ ಎರಡು ಭಾಗ. ಇದು ಬೇಡವೆಂದರೆ ಇಬ್ಬರೂ ಉಯಿಲು ಬರೆದಿಡಿ.

ಮಲೆನಾಡಿಗ

21ಎ ಬಗ್ಗೆ ನನಗೆ ಇಂದು ಸ್ಪಷ್ಟವಾಯಿತು. ನಮ್ಮ ತಂದೆಯವರಿಗೂ ಇದನ್ನು ಓದಿ ಹೇಳಿದೆ.

ಕೃಷ್ಣಾತೀರ

ನನ್ನ ಗೆಳೆಯ ದಂಪತಿಗೆ ಎಲ್ಲವನ್ನೂ ಓದಿ ಹೇಳಿದ್ದೇನೆ, 15ನೇ ಸೆಕ್ಷನ್‌ನಡಿ ಅರ್ಜಿ ಹಾಕುತ್ತಾರಂತೆ. ಅವರದೊಂದು ಪ್ರಶ್ನೆ ಇದೆ. ಅವರ ಮಗುವಿಗೆ ಈಗ ಎರಡು ವರ್ಷ. ನೋಂದಣಿಗೆ ಮೊದಲೇ ಹುಟ್ಟಿದ ಮಗುವಿಗೆ ತೊಂದರೆ ಇದೆಯೇ?

ಹುಬ್ಬಳ್ಳಿ_ವಕೀಲೆ

ಇಲ್ಲ. 18ನೇ ಸೆಕ್ಷನ್ ಪ್ರಕಾರ ನೋಂದಣಿಯಾದ ದಿನದಿಂದ ಅದು ಈ ಕಾಯ್ದೆಯಡಿಯ ಮದುವೆಯಾಗುತ್ತದೆ, ಆದರೆ ವಿಧಿ ನಡೆದ ದಿನದ ನಂತರ ಹುಟ್ಟಿದ ಮಕ್ಕಳೆಲ್ಲರೂ ನ್ಯಾಯಬದ್ಧ ಸಂತಾನವೇ. ಮಗುವಿನ ಹೆಸರು ಸಹಿತ ವಿವರವನ್ನು ದಾಖಲಿಸಿಕೊಳ್ಳಲು ಕಾಯ್ದೆಯೇ ಹೇಳುತ್ತದೆ.

ನಿವೃತ್ತ_ಗುಮಾಸ್ತ

ಆ ಒಂದೇ ದಿನದ ಪ್ರಮಾಣಪತ್ರದ ಆಮಿಷದ ಬಗ್ಗೆ ಯಾರೂ ಉತ್ತರಿಸಲಿಲ್ಲ. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನ ಕಾಯದೆ ಪ್ರಮಾಣಪತ್ರ ಕೊಡುವ ಅಧಿಕಾರ ಯಾರಿಗೂ ಇಲ್ಲ. ಆ ಮಧ್ಯವರ್ತಿ ಕೊಡುವುದು ಹಿಂದಿನ ದಿನಾಂಕ ಹಾಕಿದ ಸುಳ್ಳು ನೋಟಿಸ್ ಆಗಿರಬಹುದು, ಯಾವುದೋ ಸಂಸ್ಥೆಯ ಪತ್ರವಾಗಿರಬಹುದು, ಇಲ್ಲವೇ ಸ್ಟಾಂಪ್ ಕಾಗದದ ಮೇಲೆ ನೋಟರಿಯ ಮುದ್ರೆ ಒತ್ತಿದ ಒಪ್ಪಂದವಾಗಿರಬಹುದು. ನೋಟರಿಗಳಿಗೆ ಮದುವೆ ಮಾಡಿಸುವ ಅಧಿಕಾರವೇ ಇಲ್ಲ. ಸರ್ಕಾರಿ ಶುಲ್ಕ ಅಲ್ಪ ಮೊತ್ತದ್ದು, ಅದಕ್ಕೆ ರಶೀದಿ ಸಿಗುತ್ತದೆ. ಅರ್ಜಿಯನ್ನು ನೀವೇ ತುಂಬಬಲ್ಲಿರಿ. ಇಬ್ಬರ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಾಸಕ್ಕೆ ಬಾಡಿಗೆ ಕರಾರು ಮತ್ತು ಆಧಾರ್, ಭಾವಚಿತ್ರಗಳು, ಅವಿವಾಹಿತರೆಂಬ ಅಫಿಡವಿಟ್ ಇಟ್ಟುಕೊಳ್ಳಿ. ಇಬ್ಬರಲ್ಲಿ ಯಾರಾದರೂ ವಿಚ್ಛೇದಿತರಾಗಿದ್ದರೆ ಡಿಕ್ರಿಯ ದೃಢೀಕೃತ ಪ್ರತಿ ಬೇಕು, ಮೇಲ್ಮನವಿಯ ಅವಧಿಯೂ ಮುಗಿದಿರಬೇಕು.

ಭದ್ರಾನಾಲೆ

ನಾವು ಹೀಗೆ ತೀರ್ಮಾನಿಸಿದ್ದೇವೆ. ನನಗೆ ಮನೆಯಿಂದ ಕೆಲಸ ಮಾಡಲು ಅನುಮತಿ ಸಿಕ್ಕಿದೆ, ಆದ್ದರಿಂದ ದಾವಣಗೆರೆಯಲ್ಲಿಯೇ ಇದ್ದು, 30 ದಿನ ತುಂಬಿದ ಮೇಲೆ ಅಲ್ಲಿಯೇ ನೋಟಿಸ್ ಕೊಡುತ್ತೇವೆ. ಮಂತ್ರಮಾಂಗಲ್ಯದ ದಿನ ಅಧಿಕಾರಿಗಳು ಭವನಕ್ಕೆ ಬರಲು ಒಪ್ಪಿದರೆ ಅಲ್ಲಿಯೇ, ಇಲ್ಲವಾದರೆ ಬೆಳಿಗ್ಗೆ ಕಚೇರಿಯಲ್ಲಿ. ಒಂದೇ ಮನೆಯಲ್ಲಿದ್ದುಕೊಂಡು ಅಪ್ಪನ ಹತ್ತಿರ ಮಾತಾಡದೆ ನೋಟಿಸ್ ಕೊಡಲು ನನಗೂ ಮನಸ್ಸಿಲ್ಲ, ಈ ವಾರವೇ ಹೇಳುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ಮೂವರು ಸಾಕ್ಷಿದಾರರು ಕಡ್ಡಾಯವಾಗಿ ಹೊರಗಿನವರೇ ಆಗಿರಬೇಕೇ? ಅಮ್ಮ ಸಹಿ ಮಾಡಬೇಕೆಂದು ಬಹಳ ಆಸೆ ಇಟ್ಟುಕೊಂಡಿದ್ದಾರೆ.

ನಿವೃತ್ತ_ಗುಮಾಸ್ತ

ರಕ್ತಸಂಬಂಧಿಗಳು ಸಾಕ್ಷಿಯಾಗಬಾರದೆಂಬ ನಿಯಮವಿಲ್ಲ. ಪ್ರಾಪ್ತವಯಸ್ಕರಾಗಿದ್ದು, ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಹಾಜರಿದ್ದರೆ ಸಾಕು. ನಿಮ್ಮ ತಾಯಿಯೂ ಸಹಿ ಮಾಡಬಹುದು, ತಂದೆಯವರು ಒಪ್ಪಿದರೆ ಅವರೂ ಮಾಡಬಹುದು. ಭವನಕ್ಕೆ ಅಧಿಕಾರಿ ಬರಬೇಕೆಂಬ ಕೋರಿಕೆಯನ್ನು ಮಾತ್ರ ನೋಟಿಸ್ ಕೊಡುವ ದಿನವೇ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಮಾಘ ಮಾಸದಲ್ಲಿ ಕಚೇರಿಗಳಲ್ಲಿ ಮದುವೆಯ ಕೆಲಸ ಬಹಳ ಇರುತ್ತದೆ.